ಒಂದು ಹನಿ ರಕ್ತ, ಒಂದು ಅಂಕಿ

ಸಕ್ಕರೆ ಕಾಯಿಲೆಯ ಹೆಸರು ನಾವೆಲ್ಲ ಕೇಳಿದ್ದೇವೆ. ಮೂತ್ರಕ್ಕೆ ಇರುವೆ ಮುತ್ತಿದರೆ ಈ ಕಾಯಿಲೆ ಅಂತ ಹಿಂದಿನವರು ಗುರುತಿಸುತ್ತಿದ್ದರು. ಆಮೇಲೆ ಮೂತ್ರವನ್ನು ನೀಲಿ ದ್ರಾವಣಕ್ಕೆ ಹಾಕಿ ಕಾಯಿಸುವ ಪರೀಕ್ಷೆ ಬಂತು. ಬಣ್ಣ ಇಟ್ಟಿಗೆ ಕೆಂಪಾದರೆ ಸಕ್ಕರೆ ಬಹಳ ಇದೆ ಅಂತ ಅರ್ಥ. ಆದರೆ ರಕ್ತದಲ್ಲಿ ಸಕ್ಕರೆ ತುಂಬಾ ಏರಿದ ಮೇಲೆಯೇ ಮೂತ್ರಕ್ಕೆ ಇಳಿಯುತ್ತದೆ. ಸಕ್ಕರೆ ಕಡಿಮೆಯಾದರೆ ಮೂತ್ರದಲ್ಲಿ ತಿಳಿಯುವುದೇ ಇಲ್ಲ.

ಈಗ ಬೆರಳ ತುದಿಯ ಒಂದು ಹನಿ ರಕ್ತ ಸಾಕು. ಅಂಗೈಯಲ್ಲಿ ಹಿಡಿಸುವ ಗ್ಲುಕೋಮೀಟರ್ ಅಂಕಿ ತೋರಿಸುತ್ತದೆ. ಅದಕ್ಕೆ ಹೇಗೆ ಗೊತ್ತಾಗುತ್ತದೆ? ನೋಡೋಣ.

ರೊಟ್ಟಿಯನ್ನು ಚೆನ್ನಾಗಿ ಅಗಿದರೆ ಬಾಯಿ ಸಿಹಿಯಾಗುತ್ತದೆ ಅಲ್ಲವೆ? ಜೊಲ್ಲಿನಲ್ಲಿರುವ ಕಿಣ್ವದ ಕೆಲಸ ಅದು. ಒಂದು ಬೀಗಕ್ಕೆ ಒಂದು ಕೀಲಿ ಇದ್ದ ಹಾಗೆ, ಒಂದೊಂದು ಕಿಣ್ವಕ್ಕೆ ಒಂದೊಂದು ಕೆಲಸ. ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವವನ್ನು ಒಂದು ಬಗೆಯ ಕಪ್ಪು ಬೂಷ್ಟಿನಿಂದ ತೆಗೆಯುತ್ತಾರೆ. ಇಂಥ ಕಿಣ್ವವನ್ನು ಪಟ್ಟಿಯ ತುದಿಗೆ ಲೇಪಿಸಿರುತ್ತಾರೆ. ಅದು ರಕ್ತದಲ್ಲಿರುವ ಸಕ್ಕರೆಯನ್ನು ಹಿಡಿಯುತ್ತದೆ. ಆಗ ಬಹಳ ಸಣ್ಣ ಪ್ರಮಾಣದ ವಿದ್ಯುತ್ ಹರಿಯುತ್ತದೆ. ನಮಗೆ ಶಾಕ್ ಹೊಡೆಯುವುದಿಲ್ಲ. ಸಕ್ಕರೆ ಹೆಚ್ಚಿದ್ದರೆ ವಿದ್ಯುತ್ತೂ ಹೆಚ್ಚು. ಯಂತ್ರ ಅದನ್ನು ಅಳೆದು ಅಂಕಿಯಾಗಿ ತೋರಿಸುತ್ತದೆ.

1962ರಲ್ಲಿ ಅಮೆರಿಕದ ಲೆಲ್ಯಾಂಡ್ ಕ್ಲಾರ್ಕ್ ಮತ್ತು ಚಾಂಪ್ ಲಯನ್ಸ್ ಈ ಉಪಾಯವನ್ನು ತಿಳಿಸಿದರು. 1987ರಲ್ಲಿ ಪೆನ್ನಿನಷ್ಟು ಚಿಕ್ಕ ಯಂತ್ರ ಮಾರಾಟಕ್ಕೆ ಬಂತು.

ಅಂಕಿ ಸರಿಯಾಗಿ ಬರಬೇಕಾದರೆ ಹೀಗೆ ಮಾಡೋಣ.

ಸೋಪಿನಿಂದ ಕೈ ತೊಳೆದು ಒರೆಸಿಕೊಳ್ಳೋಣ. ಬೆಲ್ಲ, ಹಣ್ಣು ಮುಟ್ಟಿದ ಬೆರಳಾದರೆ ಅಂಕಿ ಸುಳ್ಳೇ ಏರುತ್ತದೆ.

ಪಟ್ಟಿಯ ಡಬ್ಬಿಯ ಮುಚ್ಚಳ ಬಿಗಿಯಾಗಿ ಹಾಕೋಣ. ತೇವ ತಗುಲಿದರೆ, ಬಿಸಿಲಿಗೆ ಇಟ್ಟರೆ ಕಿಣ್ವ ಕೆಡುತ್ತದೆ. ಡಬ್ಬಿಯ ಮೇಲಿನ ತಾರೀಕು ಓದಿ ನೋಡೋಣ.

ಒಬ್ಬರಿಗೆ ಚುಚ್ಚಿದ ಸೂಜಿ ಇನ್ನೊಬ್ಬರಿಗೆ ಬೇಡವೇ ಬೇಡ.

ಈಗ ಅಂಕಿ ಓದೋಣ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ 100ಕ್ಕಿಂತ ಕಡಿಮೆ ಇದ್ದರೆ ಒಳ್ಳೆಯದು. 100ರಿಂದ 125 ಇದ್ದರೆ ಎಚ್ಚರ ಬೇಕು. 126 ಅಥವಾ ಹೆಚ್ಚಿದ್ದರೆ ಆಸ್ಪತ್ರೆಗೆ ಹೋಗಿ ಮತ್ತೆ ಪರೀಕ್ಷೆ ಮಾಡಿಸಬೇಕು.

ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರಿಗೆ 70ಕ್ಕಿಂತ ಕೆಳಗೆ ಬಂದರೆ ಅಪಾಯ. ಕೈಕಾಲು ನಡುಗುತ್ತದೆ, ಬೆವರುತ್ತದೆ, ತಲೆ ಸುತ್ತುತ್ತದೆ. ಎಚ್ಚರ ಇದ್ದರೆ ಕೂಡಲೇ ಸಕ್ಕರೆ ನೀರು ಕೊಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬಾರದು. ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಅಂಕಿ ಇಳಿಯಿತು ಅಂತ ನಾವಾಗಿಯೇ ಮಾತ್ರೆ ಬಿಡುವುದು ಬೇಡ. ಪ್ರತಿಸಲ ತಾರೀಕು, ಹೊತ್ತು, ಅಂಕಿ ಬರೆದಿಡೋಣ. ಆ ಪುಸ್ತಕವನ್ನು ಡಾಕ್ಟರಿಗೆ ತೋರಿಸೋಣ. ಯಂತ್ರ ಅಂಕಿ ತೋರಿಸುತ್ತದೆ, ಅಷ್ಟೆ. ಅದನ್ನು ಓದಬೇಕಾದವರು ನಾವೇ.