ನೀರಿನ ದರ ಏರಿದಾಗ ಯಾವುದನ್ನು ಉಳಿಸಬೇಕು?

ಬೇಸಿಗೆಯಲ್ಲಿ ವಾಂತಿಭೇದಿ ಹೆಚ್ಚುವುದಕ್ಕೂ ನೀರಿನ ದರಕ್ಕೂ ಸಂಬಂಧವಿದೆ. ಬೆಂಗಳೂರನ್ನೇ ನೋಡಿ.

ಜಲಮಂಡಳಿಯ ದರ ಮೆಟ್ಟಿಲಿನಂತೆ ಏರುತ್ತದೆ. 2025ರ ಏಪ್ರಿಲ್‌ಗೆ ಮೊದಲು ಮನೆಗಳಿಗೆ ಮೊದಲ 8,000 ಲೀಟರ್‌ಗೆ, ಪ್ರತಿ ಸಾವಿರಕ್ಕೆ 7 ರೂಪಾಯಿ ಇತ್ತು; 50,000 ಲೀಟರ್ ದಾಟಿದರೆ 45 ರೂಪಾಯಿ. ಅಗತ್ಯದ ನೀರು ಅಗ್ಗವಾಗಿರಲಿ, ದುಂದು ದುಬಾರಿಯಾಗಲಿ ಎಂಬುದು ಇದರ ಉದ್ದೇಶ. ಆದರೆ ಮೀಟರ್ ಮನೆಯಲ್ಲಿರುವ ತಲೆಗಳನ್ನು ಎಣಿಸುವುದಿಲ್ಲ. ಕೂಡುಕುಟುಂಬ ದುಂದು ಮಾಡದೆಯೂ ಮೇಲಿನ ಮೆಟ್ಟಿಲು ತಲುಪಬಹುದು.

ನಲ್ಲಿಯೇ ಇಲ್ಲದವರ ಪಾಡು ಇನ್ನೂ ಕಷ್ಟ. 2024ರ ಬರದಲ್ಲಿ ಜಿಲ್ಲಾಡಳಿತ ಐದು ಕಿಲೋಮೀಟರ್ ಒಳಗಿನ 6,000 ಲೀಟರ್ ಟ್ಯಾಂಕರ್‌ಗೆ 600 ರೂಪಾಯಿ ನಿಗದಿಪಡಿಸಿತು. ಅಂದರೆ ಸಾವಿರ ಲೀಟರ್‌ಗೆ 100 ರೂಪಾಯಿ! ಅದೇ ವರ್ಷ ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಬಂತು.

ಕಾವೇರಿ ನೀರನ್ನು ಸುಮಾರು ನೂರು ಕಿಲೋಮೀಟರ್ ದೂರದಿಂದ ಪಂಪ್ ಮಾಡಬೇಕು. ಕೊಳಚೆ ಸಂಸ್ಕರಿಸಿದ ನೀರು ಊರೊಳಗೇ ಸಿಗುತ್ತದೆ. ಅದರ ದರ ಕಡಿಮೆ ಇದ್ದರೆ ಮಾತ್ರ ಕಟ್ಟಡ, ಕೈತೋಟದವರು ಕುಡಿಯುವ ನೀರನ್ನು ಬಿಟ್ಟು ಅದನ್ನು ಕೊಳ್ಳುತ್ತಾರೆ. ಗಿಡಕ್ಕೆ, ಶೌಚಾಲಯದ ಫ್ಲಶ್‌ಗೆ ಅದು ಸರಿ. ಕುಡಿಯಲು, ಅಡುಗೆಗೆ, ಸ್ನಾನಕ್ಕೆ ಬೇಡ. ಅದರ ಬಕೆಟ್ ಬೇರೆಯೇ ಇರಲಿ.

ನೀರು ದುಬಾರಿಯಾದಾಗ ಜನ ಕೈ ತೊಳೆಯುವುದನ್ನೂ ಕಡಿಮೆ ಮಾಡಬಹುದು. ಅದರಿಂದಲೂ ರೋಗ ಬರುತ್ತದೆ. ತರಕಾರಿ ತೊಳೆದ ನೀರನ್ನು ಗಿಡಕ್ಕೆ ಹಾಕಿ, ಸೋರುವ ನಲ್ಲಿ ಸರಿಪಡಿಸಿ. ಟ್ಯಾಂಕರ್ ನೀರನ್ನು ಕುದಿಸಿಯೇ ಕುಡಿಯಿರಿ. ಮಕ್ಕಳ ಕೈಗೆ ಸೋಪು, ನೀರು ಮಾತ್ರ ಕಡಿಮೆ ಮಾಡಬೇಡಿ.