ಹೊಸಕೋಟೆಯಲ್ಲಿ ಕಟ್ಟಿದ ಗ್ರಹಣ

1980ರ ಫೆಬ್ರುವರಿ 16ರ ಮಧ್ಯಾಹ್ನ ಮೂರು ಗಂಟೆ ದಾಟಿದ ಮೇಲೆ ಇಟಗಿಯ ಮಹಾದೇವ ದೇವಾಲಯದ ಮೇಲೆ ಚಂದ್ರನ ನೆರಳು ಹಾದುಹೋಯಿತು. ಅಂಕೋಲಾ ಕಡೆಯ ಕರಾವಳಿಯಿಂದ ಒಳಬಂದ ಆ ನೆರಳು ಹುಬ್ಬಳ್ಳಿ, ಗದಗ, ಕೊಪ್ಪಳ ಸೀಮೆ ಹಾಯ್ದು ರಾಯಚೂರಿನತ್ತ ಸರಿಯಿತು. ಖಗ್ರಾಸ ಗ್ರಹಣದ ಭಯಕ್ಕೆ ಬಹಳ ಜನ ಅಂದು ಬಾಗಿಲು ಹಾಕಿಕೊಂಡು ಮನೆಯೊಳಗೇ ಕುಳಿತಿದ್ದರು. ಹೊರಗಿದ್ದವರಿಗೆ ಕಪ್ಪುಬಿಂಬದ ಸುತ್ತ ಬೆಳ್ಳಗೆ ಹರಡಿದ ಸೂರ್ಯನ ಪ್ರಭಾವಲಯ, ಅಂದರೆ ಕರೋನಾ, ಕಂಡಿತು. ಕಂಡದ್ದು ಮೂರು ನಿಮಿಷವೂ ಇಲ್ಲ.

ಆ ನೆರಳಿನ ಹಾದಿಯಲ್ಲಿ ಡೇರೆ ಹಾಕಿದ್ದವರಲ್ಲಿ ವೇಣು ಬಾಪ್ಪು ನೇತೃತ್ವದ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳಿದ್ದರು. ಜಗದೇವ್ ಸಿಂಗ್ ಆ ತಂಡದವರು. ಆಮೇಲೂ ಅವರು ಬೇರೆ ಬೇರೆ ದೇಶಗಳಿಗೆ ಗ್ರಹಣಗಳ ಬೆನ್ನು ಹತ್ತಿ ಹೋದರು. ಪ್ರತಿ ಸಲ ಸಿಗುತ್ತಿದ್ದದ್ದು ಕೆಲವೇ ನಿಮಿಷ, ಅದೂ ಮೋಡ ಅಡ್ಡ ಬಾರದಿದ್ದರೆ. 1868ರ ಆಗಸ್ಟ್ 18ರ ಗ್ರಹಣ ನೋಡಲು ನಮ್ಮ ಜಮಖಂಡಿಗೇ ಬಂದಿದ್ದ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಕೂಡ ಮೋಡದ ನಡುವೆಯೇ ಸೂರ್ಯಜ್ವಾಲೆಯ ವರ್ಣರೇಖೆಗಳನ್ನು ಗುರುತಿಸಬೇಕಾಯಿತು. ಹಾಗಾದರೆ ಗ್ರಹಣ ದಿನವೂ ಇರುವಂತೆ ಮಾಡಲಾಗದೇ? ಸೂರ್ಯನ ಅಧ್ಯಯನಕ್ಕೆಂದು ಇಸ್ರೊ ಕಳಿಸಿದ ಆದಿತ್ಯ-ಎಲ್1 ನೌಕೆಯ ಮುಖ್ಯ ಉಪಕರಣ ಹುಟ್ಟಿದ್ದು ಈ ಹಂಬಲದಿಂದ.

ಪ್ರಭಾವಲಯವನ್ನು ಅಷ್ಟು ನೋಡಬೇಕಾದದ್ದಾದರೂ ಏಕೆ? ಸೂರ್ಯನ ಮೇಲ್ಮೈ ಸುಮಾರು 5,500 ಡಿಗ್ರಿ ಸೆಲ್ಸಿಯಸ್ ಬಿಸಿ. ಅದರಿಂದ ದೂರ ಸರಿದಂತೆ ತಣ್ಣಗಾಗಬೇಕು. ಆದರೆ ಪ್ರಭಾವಲಯದ ಬಿಸಿ ಹತ್ತು ಲಕ್ಷ ಡಿಗ್ರಿ ಮೀರುತ್ತದೆ. ಅಲ್ಲಿನ ಕಬ್ಬಿಣದ ಪರಮಾಣುಗಳು ಹತ್ತಾರು ಎಲೆಕ್ಟ್ರಾನು ಕಳೆದುಕೊಂಡು ಹೊಮ್ಮಿಸುವ ಬೆಳಕಿನಿಂದ ಇದು 1940ರ ಸುಮಾರಿಗೇ ತಿಳಿದಿತ್ತು. ಅಷ್ಟು ಶಾಖ ಮೇಲಕ್ಕೆ ಸಾಗುವ ಬಗೆ ಮಾತ್ರ ಇಂದಿಗೂ ಪೂರ್ತಿ ಬಿಡಿಸದ ಒಗಟು. ಕೋಟ್ಯಂತರ ಟನ್ ದ್ರವ್ಯ ಸಿಡಿದು ಹೊರಡುವುದೂ ಈ ವಲಯದಿಂದಲೇ. ಭೂಮಿಯತ್ತ ಬಂದರೆ ಉಪಗ್ರಹ, ರೇಡಿಯೊ ಸಂಪರ್ಕ, ವಿದ್ಯುತ್ ಜಾಲ ಎಲ್ಲಕ್ಕೂ ತೊಂದರೆ.

2008ರ ಹೊತ್ತಿನ ಆದಿತ್ಯ ಯೋಜನೆ ಚಿಕ್ಕದು: ಭೂಮಿಯಿಂದ 800 ಕಿ.ಮೀ. ಎತ್ತರದಲ್ಲಿ ಒಂದೇ ಉಪಕರಣ. ಬೆಳೆದು ಬೆಳೆದು ಅದು ಏಳು ಉಪಕರಣಗಳ ನೌಕೆಯಾಗಿ 2023ರ ಸೆಪ್ಟೆಂಬರ್ 2ರಂದು ಶ್ರೀಹರಿಕೋಟಾದಿಂದ ಹಾರಿತು. 2024ರ ಜನವರಿ 6ರಂದು, ಸೂರ್ಯ-ಭೂಮಿಗಳ ನಡುವೆ ಎರಡರ ಸೆಳೆತವೂ ಹದವಾಗುವ ಎಲ್1 ಬಿಂದುವಿನ ಸುತ್ತಲ ಕಕ್ಷೆ ಸೇರಿತು. ಸೂರ್ಯನಿಗೆ ಹೋಯಿತು ಎಂದು ಜನ ಹೇಳುವುದುಂಟು. ನಿಜವಾಗಿ ಹೋದದ್ದು 15 ಲಕ್ಷ ಕಿ.ಮೀ.; ಸೂರ್ಯ ಇರುವುದು 15 ಕೋಟಿ ಕಿ.ಮೀ. ಆಚೆ. ನೂರರಲ್ಲಿ ಒಂದು ಪಾಲು ದಾರಿ. ಅಲ್ಲಿದ್ದರೆ ಭೂಮಿಯ ಜೊತೆಗೇ ಸೂರ್ಯನನ್ನು ಸುತ್ತಬಹುದು, ರಾತ್ರಿಯಿಲ್ಲ, ಮೋಡವಿಲ್ಲ. ಆದರೆ ಆ ಜಾಗ ನೆಚ್ಚುವಂಥದ್ದಲ್ಲ. ಸ್ವಲ್ಪ ಸರಿದರೂ ನೌಕೆ ಜಾರತೊಡಗುತ್ತದೆ, ಆಗಾಗ ಚಿಕ್ಕ ಎಂಜಿನ್ ಉರಿಸಿ ಹದಕ್ಕೆ ತರಬೇಕು. ಸರಿಯಾಗಿ ಬಿಂದುವಿನಲ್ಲೇ ನಿಲ್ಲಿಸಿದರೆ ಬೆನ್ನ ಹಿಂದಿನ ಸೂರ್ಯನ ರೇಡಿಯೊ ಗದ್ದಲದಲ್ಲಿ ಅದರ ಸಂದೇಶ ಮುಳುಗಿಹೋಗುತ್ತದೆ. ಅದಕ್ಕೇ ಬಿಂದುವಿನ ಸುತ್ತ ದೊಡ್ಡ ಪ್ರದಕ್ಷಿಣೆ. ಒಂದು ಸುತ್ತಿಗೆ ಸುಮಾರು 178 ದಿನ.

ಇಷ್ಟೆಲ್ಲ ಇದ್ದರೂ ನನ್ನ ಮಟ್ಟಿಗೆ ಅತಿ ಕಷ್ಟದ ಕೆಲಸ ನಡೆದದ್ದು ನೆಲದ ಮೇಲೆ, ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ. ರಾಕೆಟ್ ಏರಿದ ಕ್ಷಣವನ್ನು ನಾಡೆಲ್ಲ ಟಿ.ವಿ.ಯಲ್ಲಿ ನೋಡಿತು, ಹೊಸಕೋಟೆಯ ವರ್ಷಗಟ್ಟಲೆ ದುಡಿಮೆಯನ್ನು ನೋಡಿದವರು ಕಡಿಮೆ. ಪ್ರಭಾವಲಯದ ಬೆಳಕು ಸೂರ್ಯಬಿಂಬದ ಬೆಳಕಿನ ಹತ್ತು ಲಕ್ಷದಲ್ಲಿ ಒಂದು ಪಾಲು. ವಿಇಎಲ್‌ಸಿ ಎಂಬ ಆ ಮುಖ್ಯ ಉಪಕರಣದ ಮೊದಲ ಕನ್ನಡಿಯ ಮೇಲೆ ಎರಡೂ ಒಟ್ಟಿಗೇ ಬೀಳುತ್ತವೆ. ಎರಡನೆಯ ಕನ್ನಡಿಯ ನಡುವೆ ಒಂದು ರಂಧ್ರವಿದೆ. ಬಿಂಬದ ಬೆಳಕು ಆ ರಂಧ್ರದಿಂದ ಹಾಯ್ದು ಹೊರಗೆ ಹೋಗುತ್ತದೆ, ಅಂಚಿನ ಮಂದ ಬೆಳಕಷ್ಟೇ ಪ್ರತಿಫಲಿಸಿ ಒಳಗೆ ಉಳಿಯುತ್ತದೆ. ಚಂದ್ರನ ಕೆಲಸವನ್ನು ಒಂದು ರಂಧ್ರ ಮಾಡುತ್ತದೆ. ಆದರೆ ಮೊದಲ ಕನ್ನಡಿಯ ಮೇಲೆ ಕಣ್ಣಿಗೆ ಕಾಣದ ಧೂಳಿನ ಕಣವಿದ್ದರೂ, ನಯದಲ್ಲಿ ಕೂದಲೆಳೆಯ ದೋಷವಿದ್ದರೂ ಬಿಂಬದ ಬೆಳಕು ಚದುರಿ ಎಲ್ಲವನ್ನೂ ನುಂಗಿಬಿಡುತ್ತದೆ. ಹೀಗಾಗಿ ಖಭೌತ ಸಂಸ್ಥೆ ತನ್ನ ಹೊಸಕೋಟೆ ಆವರಣದಲ್ಲಿ ಧೂಳು ಸುಳಿಯದ ಕೋಣೆಗಳನ್ನೂ ನಿರ್ವಾತದಲ್ಲಿ ಪರೀಕ್ಷಿಸುವ ಸೌಕರ್ಯವನ್ನೂ ಕಟ್ಟಿಕೊಂಡಿತು. ಅಲ್ಲಿ ಜೋಡಿಸಿ, ಪರೀಕ್ಷಿಸಿದ ಉಪಕರಣ 2023ರ ಜನವರಿ 26ರಂದು ಇಸ್ರೊ ಕೈಸೇರಿತು. ಮೇಲೆ ಹೋದ ಮೇಲೆ ಒರೆಸಲು ಯಾರೂ ಇಲ್ಲ.

ಉಳಿದ ಆರು ಉಪಕರಣಗಳು ಪುಣೆ, ಅಹಮದಾಬಾದ್, ತಿರುವನಂತಪುರ, ಬೆಂಗಳೂರುಗಳಲ್ಲಿ ತಯಾರಾದವು. ಕೆಲವು ಅತಿನೇರಳೆ, ಎಕ್ಸ್-ಕಿರಣಗಳಲ್ಲಿ ಸೂರ್ಯನನ್ನು ನೋಡುತ್ತವೆ, ಕೆಲವು ನೌಕೆಯ ಬಳಿ ಹಾಯುವ ಸೌರಮಾರುತವನ್ನೂ ಕಾಂತಕ್ಷೇತ್ರವನ್ನೂ ಅಳೆಯುತ್ತವೆ. ಸಿಡಿತದ ಹುಟ್ಟು, ಪಯಣ ಎರಡನ್ನೂ ಒಂದೇ ನೌಕೆ ಹಿಡಿಯಬಲ್ಲದೆಂಬುದೇ ಇದರ ಹೆಚ್ಚುಗಾರಿಕೆ. 2024ರ ಮೇ ತಿಂಗಳ ದೊಡ್ಡ ಸೌರ ಬಿರುಗಾಳಿಯನ್ನು ನೌಕೆಯ ಉಪಕರಣಗಳು ದಾಖಲಿಸಿದವು. ಆ ಬಿರುಗಾಳಿಯ ರಾತ್ರಿ ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪಾದದ್ದನ್ನು ಖಭೌತ ಸಂಸ್ಥೆಯ ಕ್ಯಾಮೆರಾ ಸೆರೆಹಿಡಿಯಿತು.

ಆದಿತ್ಯನ ಆಯುಷ್ಯವೆಂದು ಎಣಿಸಿರುವುದು ಐದು ವರ್ಷ. ಸೂರ್ಯನ ಏರಿಳಿತದ ಚಕ್ರ ಸುಮಾರು ಹನ್ನೊಂದು ವರ್ಷದ್ದು. ನೌಕೆ ಕಣ್ಣು ತೆರೆದದ್ದು ಚಕ್ರ ತುದಿ ಮುಟ್ಟುವ ಹೊತ್ತಿಗೆ. ಮುಂದಿನ ಅದರ ದಿನಗಳೆಲ್ಲ ಇಳಿಜಾರಿನ ಸೂರ್ಯನನ್ನು ನೋಡುವ ದಿನಗಳು. ಮತ್ತೆ ಏರುವ ಸೂರ್ಯನನ್ನು ಹೀಗೆಯೇ ಎಡೆಬಿಡದೆ ಹಿಂಬಾಲಿಸಲು ಇನ್ನೊಂದು ಕನ್ನಡಿ ಬೇಕು, ಅದನ್ನು ಉಜ್ಜಿ ನಯಗೊಳಿಸುವ ಕೆಲಸ ಈಗಲೇ ಶುರುವಾಗಬೇಕು.