ಸೀಟಿನ ಮೆತ್ತೆ ಜಾರದಿರಲಿ

ಕಲಬುರಗಿಯಿಂದ ಕಮಲಾಪುರಕ್ಕೆ ಬಾಡಿಗೆ ಟೆಂಪೊದಲ್ಲಿ ಕುಟುಂಬಸಮೇತ ಹೊರಟಿದ್ದೀರಿ ಎನ್ನಿ. ಎಮ್ಮೆ ಅಡ್ಡ ಬಂತು, ಚಾಲಕ ಬ್ರೇಕ್ ಹಾಕಿದ. ಗಾಡಿ ನಿಂತಿತು, ನೀವು ಕುಳಿತ ಮೆತ್ತೆ ನಿಲ್ಲಲಿಲ್ಲ! ರಾತ್ರಿ ಹಾಸಿಗೆಯೂ ಆಗಲೆಂದು ಬಿಡಿ ಮೆತ್ತೆ ಇಟ್ಟ ಗಾಡಿಗಳಲ್ಲಿ ಇದು ಸಾಮಾನ್ಯ. ಕಾರಣ ಜಡತ್ವ. ಮುಂದೆ ಓಡುವ ಮೆತ್ತೆಯನ್ನು ತಡೆಯುವುದು ತಳದ ಘರ್ಷಣೆಯೊಂದೇ. ನಯವಾದ ರೆಕ್ಸಿನ್, ಅದರಡಿ ಪಾಲಿಶ್ ಹಲಗೆ, ನಡುವೆ ನಮ್ಮ ರಸ್ತೆಯ ಸಣ್ಣ ಧೂಳು. ಘರ್ಷಣೆ ಎಲ್ಲಿಂದ ಬರಬೇಕು?

ಎತ್ತಿನ ಗಾಡಿಯಲ್ಲಿ ಜಾತ್ರೆಗೆ ಹೋಗುತ್ತಿದ್ದ ಹಿರಿಯರು ಹುಲ್ಲಿನ ಮೇಲೆ ಕೌದಿ ಹಾಸುತ್ತಿದ್ದರು. ಒರಟು ಹುಲ್ಲು ಕೌದಿಯನ್ನು ಹಿಡಿದಿಡುತ್ತಿತ್ತು. ನೀವೂ ಹಲಗೆಯ ಧೂಳು ಒರೆಸಿ, ಮೆತ್ತೆಯ ಅಡಿಗೆ ತೆಳು ರಬ್ಬರ್ ಹಾಳೆ ಹಾಸಿ. ಹಳೆಯ ಸೈಕಲ್ ಟ್ಯೂಬು ಸೀಳಿ ಇಟ್ಟರೂ ನಡೆದೀತು. ದೂರದ ಪ್ರಯಾಣಕ್ಕೆ ವೆಲ್ಕ್ರೊ ಪಟ್ಟಿ ಲೇಸು. ಒಂದು ಭಾಗವನ್ನು ಮೆತ್ತೆಗೆ ಹೊಲಿಸಿ, ಇನ್ನೊಂದನ್ನು ಹಲಗೆಗೆ ಸಣ್ಣ ಮೊಳೆಯಿಂದ ಬಡಿಸಿ. ಬರೀ ಅಂಟು ನಮ್ಮ ಬೇಸಿಗೆಗೆ ಬಿಟ್ಟುಕೊಳ್ಳುತ್ತದೆ. 1941ರಲ್ಲಿ ಸ್ವಿಟ್ಜರ್ಲೆಂಡಿನ ಜಾರ್ಜ್ ದ ಮೆಸ್ಟ್ರಾಲ್ ಅವರಿಗೆ ಇದು ಹೊಳೆದದ್ದು ನಾಯಿಯ ಮೈಗೆ ಅಂಟಿದ ಮುಳ್ಳುಕಾಯಿ ನೋಡಿ. ಹೊಲದ ಉತ್ತರಾಣಿ ನಿಮ್ಮ ಧೋತರಕ್ಕೆ ಅಂಟುವುದಿಲ್ಲವೇ, ಹಾಗೆ.

ಚಾಲಕನ ಸೀಟಿಗೆ ಮಾತ್ರ ಬಿಡಿ ಮೆತ್ತೆ ಬೇಡವೇ ಬೇಡ. ಅದು ಜಾರಿ ಬ್ರೇಕ್ ಪೆಡಲಿನ ಕೆಳಗೆ ಸಿಕ್ಕಿಕೊಂಡರೆ ಗಾಡಿ ನಿಲ್ಲಿಸುವುದು ಹೇಗೆ? ಮೆತ್ತೆ ಭದ್ರವಾಯಿತೆಂದು ಸೀಟ್ ಬೆಲ್ಟ್ ಮರೆಯಬೇಡಿ, ಮಕ್ಕಳಿಗಂತೂ ಕಟ್ಟಲೇಬೇಕು. ಹೊರಡುವ ಮುನ್ನ ಎರಡೂ ಕೈಯಿಂದ ಮೆತ್ತೆಯನ್ನು ಜಗ್ಗಿ ನೋಡಿ. ಮರಳುವಾಗ ಕಮಲಾಪುರದ ಕೆಂಪು ಬಾಳೆಯ ಗೊನೆಯನ್ನು ಸೀಟಿನ ಮೇಲಿಡುವವರು ಅದನ್ನೂ ಕಟ್ಟಿಯೇ ಇಡಿ.